ಅಟ್ಟದ ಮೇಲಿನ ಕೊಬ್ಬರಿ, ಕೊನೇ ಪಿರಿಯಡ್ಡಿನ ಸೋಪು

ಮಕ್ಕಳ ಸಂತೆಯ ದಿನ ನಮ್ಮ ಶಾಲೆಯ ಅಂಗಳದಲ್ಲಿ ನನ್ನಷ್ಟು ಪೆದ್ದ ಇನ್ನೊಬ್ಬ ಇರುವುದಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು 2 ಕಟ್ಟು ದಂಟಿನ ಸೊಪ್ಪನ್ನು ನನ್ನ ಕೈಗಿಟ್ಟು, 50 ರೂಪಾಯಿ ನೋಟು ಇಸಿದುಕೊಂಡು, "ಚಿಲ್ಲರೆ ಇಲ್ಲ ಸಾರ್, ಕೊತ್ತಂಬರಿ ಹಾಕಿಬಿಡ್ಲಾ?" ಅಂತ ಕೇಳಿ, ನಾನು ಹೂಂ ಅನ್ನುವುದರೊಳಗೆ ನಿಂಬೆಹಣ್ಣನ್ನೂ ಸೇರಿಸಿ ಲೆಕ್ಕ ಚುಕ್ತಾ ಮಾಡಿದ್ದಳು. ಮನೆಗೆ ಬಂದು ಕೂಡಿಸಿ ನೋಡಿದರೆ ನನಗೆ 9 ರೂಪಾಯಿ ಟೋಪಿ. ಅದೇ ಹುಡುಗಿ ಹಿಂದಿನ ದಿನ ಬೋರ್ಡಿನ ಮುಂದೆ, ಒಂದು ಸಮೀಕರಣದ ಎಡಗಡೆ ಎಷ್ಟು ಹೈಡ್ರೋಜನ್, ಬಲಗಡೆ ಎಷ್ಟು ಅಂತ ಎಣಿಸಲಾರದೆ ಕಾಲು ಬೆರಳಿನಲ್ಲಿ ನೆಲ ಗೀರುತ್ತಾ ನಿಂತಿದ್ದಳು.

ಲೆಕ್ಕ ಬಾರದವಳಲ್ಲ ಅವಳು. ನನ್ನ ಲೆಕ್ಕ ಅವಳಿಗೆ ಬೇಕಿರಲಿಲ್ಲ, ಅಷ್ಟೆ.

ನಾನು ಪಿಸಿಎಂ ಮೇಷ್ಟ್ರು, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಹೇಳಿಕೊಡುವವನು. ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಅನ್ನುವ ಪ್ರತ್ಯೇಕ ವಿಷಯ ಇಲ್ಲ. ವಿಜ್ಞಾನ ಅನ್ನುವ ಒಂದೇ ಪುಸ್ತಕದಲ್ಲಿ ಅದು ಭೌತಶಾಸ್ತ್ರ, ಜೀವಶಾಸ್ತ್ರಗಳ ನಡುವೆ ಮೈ ಹಿಡಿ ಮಾಡಿಕೊಂಡು ಕೂತಿರುತ್ತದೆ. ಆಮ್ಲ, ಪ್ರತ್ಯಾಮ್ಲ, ಲವಣ ಅಂತ ಒಂದು ಪಾಠ. ಕಾರ್ಬನ್ನು ಅಂತ ಇನ್ನೊಂದು. ಆ ಕಾರ್ಬನ್ ಪಾಠದ ಕೊನೆಯಲ್ಲಿ ಸಾಬೂನು ಬರುತ್ತದೆ. 17 ವರ್ಷ ಅದನ್ನು ಪಾಠ ಮಾಡಿದ್ದೇನೆ. ಬೋರ್ಡಿನ ಮೇಲೆ ಸೂರ್ಯಕಾಂತಿ ಹೂವಿನ ಹಾಗೆ ಮಿಸೆಲ್ (ಸೋಪಿನ ಅಣುಗಳ ಗುಂಪು) ಬರೆದು, ಬಾಲ ಎಣ್ಣೆಯ ಕಡೆಗೆ, ತಲೆ ನೀರಿನ ಕಡೆಗೆ ಅಂತ ಹೇಳಿ, ಡಸ್ಟರಿನಿಂದ ಒರೆಸಿದ್ದೇನೆ. ಒಂದು ಸಲವೂ ಒಂದು ತುಂಡು ಸೋಪು ಮಾಡಿರಲಿಲ್ಲ.

ಆ ವರ್ಷ, ಅಂದರೆ 2023ರಲ್ಲಿ, ನಮ್ಮ ತಿಪಟೂರು ಸೀಮೆಯಲ್ಲಿ ಯಾರ ಬಾಯಲ್ಲಿ ನೋಡಿದರೂ ಕೊಬ್ಬರಿಯದೇ ಮಾತು. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಅದಕ್ಕಿಂತ ಸಾವಿರಾರು ರೂಪಾಯಿ ಕೆಳಗೆ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಅನ್ನಬೇಕು. ಆಗ ಒಡೆಯುವುದು. ಬೆಲೆ ಇಲ್ಲವೆಂದು ಒಡೆಯದೆ ಬಿಟ್ಟ ಮನೆಗಳಲ್ಲಿ ಅಟ್ಟ ಬಾಗುವಷ್ಟು ಕಾಯಿ. ಒಡೆದವರ ಮನೆಯಲ್ಲಿ, ವ್ಯಾಪಾರಿ ಆರಿಸಿ ಬಿಸಾಕಿದ ಕೌಟು ಕೊಬ್ಬರಿ ಚೀಲಗಟ್ಟಲೆ. ಪುಸ್ತಕದಲ್ಲಿ ಇದಕ್ಕೆ 'ಕಮಟುವಿಕೆ' ಅಂತ ಹೆಸರು, ಚಿಪ್ಸ್ ಪ್ಯಾಕೆಟ್ಟಿನ ಉದಾಹರಣೆ. ನಮ್ಮ ಮಕ್ಕಳು ಆ ವಾಸನೆಯ ಅಡಿಯಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಾರೆ. ಆದರೂ ಕಮಟುವಿಕೆಯ ವ್ಯಾಖ್ಯೆ ಕೇಳಿದರೆ ಚಿಪ್ಸ್ ಅಂತಲೇ ಬರೆಯುತ್ತಾರೆ.

ಕೊಳ್ಳುವವರಿಲ್ಲದೆ ರಾಶಿ ಬಿದ್ದ ಮಾಲು ಸೋಪಾದ ಕತೆ ನಮ್ಮ ರಾಜ್ಯಕ್ಕೆ ಹೊಸದಲ್ಲ. ಮೈಸೂರು ಸಂಸ್ಥಾನದ ಗಂಧದ ಮರ ಮೊದಲು ಹಡಗು ಹತ್ತಿ ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುವವರು ಅಲ್ಲಿಯವರು. 1914ರಲ್ಲಿ ಯುದ್ಧ ಶುರುವಾಯಿತು, ಹಡಗು ನಿಂತಿತು, ಗಂಧ ಡಿಪೋಗಳಲ್ಲೇ ಉಳಿಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು, ಕೈಗಾರಿಕೆಯ ಹೊಣೆ ಆಲ್ಫ್ರೆಡ್ ಚಾಟರ್ಟನ್ ಅವರದು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ (ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ) ಪ್ರೊಫೆಸರುಗಳಾದ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಬಟ್ಟಿ ಇಳಿಸುವ ಬಗೆ ಕಂಡುಕೊಂಡರು. 1916ರಲ್ಲಿ ಮೈಸೂರು ಸಂಸ್ಥಾನದಲ್ಲಿ ಗಂಧದೆಣ್ಣೆ ಕಾರ್ಖಾನೆ ಆಯಿತು. ಎಣ್ಣೆಯ ಬೆನ್ನಿಗೇ ಸೋಪು. ಸೋಪಿನ ರಸಾಯನ ಕಲಿಯಲು ಇಂಗ್ಲೆಂಡಿಗೆ ಹೋಗಿ ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಜನರ ಬಾಯಲ್ಲಿ 'ಸೋಪು ಶಾಸ್ತ್ರಿ'ಗಳೇ ಆಗಿಹೋದರು. ಮೈಸೂರು ಸ್ಯಾಂಡಲ್ ಸೋಪನ್ನು ಹೆಮ್ಮೆಯಿಂದ ಮೂಸುವ ನಾವು ಅದರ ಹಿಂದೆ ಮಾರಾಟವಾಗದ ಒಂದು ಸೌದೆ ರಾಶಿ ಇತ್ತು ಅನ್ನುವುದನ್ನು ಮರೆತಿರುತ್ತೇವೆ. ಕ್ಲಾಸಿನಲ್ಲಿ ಈ ಕತೆ ಹೇಳಿ ಮುಗಿಸುತ್ತಿದ್ದ ಹಾಗೆ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: "ಕೌಟು ಕೊಬ್ಬರೀಲಿ ಸೋಪಾಗುತ್ತಾ ಸಾರ್?"

ಆಗುತ್ತದೆ. ಕೌಟು ಎಂದರೆ ಕೊಬ್ಬಿನ ಅಣು ಅಲ್ಲಲ್ಲಿ ಮುರಿದು ಕೊಬ್ಬಿನಾಮ್ಲ ಬಿಡಿಯಾಗಿ ನಿಂತಿರುವುದು. ತಿನ್ನುವವನಿಗೆ ಅದು ಕೇಡು. ಸೋಪಿನವನಿಗೆ, ಅರ್ಧ ಕೆಲಸ ಅಟ್ಟದ ಮೇಲೇ ಆಗಿದ್ದಂತೆ. ಬಾಣಲೆಯಲ್ಲಿ ಹೇಗೂ ಕಾಸ್ಟಿಕ್ ಸೋಡಾ (ಅಂದರೆ ಸೋಡಿಯಂ ಹೈಡ್ರಾಕ್ಸೈಡ್) ಮಾಡುವ ಕೆಲಸವೂ ಅದೇ: ಒಂದು ಕೊಬ್ಬಿನ ಅಣುವಿಗೆ ಮೂರು ಸೋಡಿಯಂ ಹೈಡ್ರಾಕ್ಸೈಡ್, ಬದಲಿಗೆ ಮೂರು ಸೋಪು ಮತ್ತು ಒಂದು ಗ್ಲಿಸರಾಲ್.

ಹೀಗೆ ಶುರುವಾಯಿತು. ಶನಿವಾರದ ಕೊನೇ ಪಿರಿಯಡ್ಡು, ಆಟಕ್ಕೆ ಬಿಟ್ಟಿದ್ದ ಸಮಯ. ಮೊದಲ ಎರಡು ವಾರ ಸೋಪಿಲ್ಲ, ಬರೀ ಕಾಸ್ಟಿಕ್ ಸೋಡಾದ ಭಯದ ಪಾಠ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು, ಪಕ್ಕದಲ್ಲಿ ತೆರೆದ ನಲ್ಲಿ. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಹಾಕಬಾರದು ಅನ್ನುವುದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಸಿದೆ. ಸೋಡಾ ಕರಗುತ್ತಿದ್ದ ಪ್ಲಾಸ್ಟಿಕ್ ಜಗ್ಗನ್ನು ಹೊರಗಿನಿಂದ ಮುಟ್ಟಿಸಿದಾಗ, ಒಲೆ ಇಲ್ಲದೆ ಬಿಸಿಯಾದದ್ದು ನೋಡಿ ಒಬ್ಬ "ಅಯ್ಯಪ್ಪಾ" ಅಂದ. ಬಹಿರುಷ್ಣಕ ಕ್ರಿಯೆ ಎಂಬ ಪದಕ್ಕೆ ಅದಕ್ಕಿಂತ ಒಳ್ಳೆಯ ವ್ಯಾಖ್ಯೆ ನನ್ನ ಬಳಿ ಇಲ್ಲ.

ಇಷ್ಟು ಎಚ್ಚರ ವಹಿಸಿಯೂ ಒಂದು ಎಡವಟ್ಟಾಯಿತು. ಮೂರನೇ ವಾರ, ಜಗ್ಗು ಸಿಗಲಿಲ್ಲವೆಂದು ಹುಡುಗನೊಬ್ಬ ಬಿಸಿಯೂಟದ ಅಡುಗೆಮನೆಯಿಂದ ಅಲ್ಯೂಮಿನಿಯಂ ಬೋಗುಣಿ ತಂದು ಅದಕ್ಕೇ ದ್ರಾವಣ ಸುರಿದುಬಿಟ್ಟ. ಕ್ಷಣದಲ್ಲಿ ಬುಸಬುಸ ಗುಳ್ಳೆ, ಬೋಗುಣಿ ಒಳಗಿನಿಂದ ಕಪ್ಪಗೆ. ಎಲ್ಲರನ್ನೂ ಹಿಂದಕ್ಕೆ ತಳ್ಳಿ, ಕಿಟಕಿ ತೆರೆದು, ನೀರು ಹೊಯ್ದು ತಣಿಸಿದೆ. ಬಂದ ಗಾಳಿ ಹೈಡ್ರೋಜನ್. ಲೋಹ ಆಮ್ಲದ ಜೊತೆ ಮಾತ್ರವಲ್ಲ, ಪ್ರತ್ಯಾಮ್ಲದ ಜೊತೆಗೂ ಸೇರಿ ಹೈಡ್ರೋಜನ್ ಕೊಡಬಲ್ಲದು ಅಂತ ಪುಸ್ತಕದಲ್ಲಿ ಸತುವಿನ ಉದಾಹರಣೆ ಇದೆ. ಅದನ್ನು ನಾನೇ ಸಾಮಾನ್ಯವಾಗಿ ಓಡಿಸಿಬಿಡುತ್ತಿದ್ದೆ. ಆ ಬ್ಯಾಚಿನ ಒಬ್ಬ ಹುಡುಗನೂ ಇನ್ನು ಜೀವಮಾನದಲ್ಲಿ ಅದನ್ನು ಮರೆಯಲಾರ. ಅಡುಗೆಯ ಅಮ್ಮ ನನಗೆ ಬೈದ ಬೈಗುಳವನ್ನೂ ಮರೆಯಲಾರ. ಲೆಕ್ಕದ ಪುಸ್ತಕದಲ್ಲಿ ಮೊದಲ ಖರ್ಚು ಹೀಗೆ ದಾಖಲಾಯಿತು: 'ಪಾತ್ರೆ ನಷ್ಟ, 240 ರೂ.'

ಈಗ ನಿಜವಾದ ಕತೆಗೆ ಬರುತ್ತೇನೆ.

ತೆಂಗಿನೆಣ್ಣೆಯ ಒಂದು ಗ್ರಾಮಿಗೆ ಸುಮಾರು 0.183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಈ ಸಂಖ್ಯೆಯನ್ನು ನಾನು ಕೊಡಲಿಲ್ಲ, ಅಂದಾಜು ಮಾಡಿಸಿದೆ. ತೆಂಗಿನೆಣ್ಣೆಯಲ್ಲಿ ಹೆಚ್ಚುಕಮ್ಮಿ ಅರ್ಧ ಭಾಗ ಲಾರಿಕ್ ಆಮ್ಲದ್ದು. ಎಣ್ಣೆಯೆಲ್ಲ ಅದೊಂದರಿಂದಲೇ ಆಗಿದೆ ಅಂದುಕೊಂಡರೆ ಅಣುರಾಶಿ 639, ಅದಕ್ಕೆ ಬೇಕಾದ ಮೂರು ಸೋಡಿಯಂ ಹೈಡ್ರಾಕ್ಸೈಡಿನದು 120. ಭಾಗಿಸಿದರೆ 0.188. ನಿಜದ ಸಂಖ್ಯೆಗೆ ಕೈಚಾಚಿದರೆ ಸಿಗುವಷ್ಟು ಹತ್ತಿರ. ಈ ಭಾಗಾಕಾರವನ್ನು ಬೋರ್ಡಿನ ಮೇಲೆ ಮಾಡುವಾಗ ಆಕಳಿಸಿದವರೇ ಹೆಚ್ಚು. 2 ಕೆಜಿ ಎಣ್ಣೆಗೆ 366 ಗ್ರಾಂ. ಚರ್ಮ ಸುಡಬಾರದೆಂದು ಶೇಕಡ 5 ಕಡಿಮೆ ಮಾಡಿ 348. ಬರೆದುಕೊಂಡರು, ತೂಗಿದರು, ಕಲಸಿದರು, ತೆಂಗಿನ ಚಿಪ್ಪುಗಳಲ್ಲಿ ಹುಯ್ದರು. (ಚಿಪ್ಪಿನ ಅಚ್ಚು ಅವರದೇ ಯೋಚನೆ. ಸೋಪಿನ ಹೆಸರಿನಲ್ಲಿ 'ಗೋಲ್ಡ್' ಅಂತ ಇರಲೇಬೇಕೆಂಬ ಹಟವೂ ಅವರದೇ. ಮೊದಲನೆಯದನ್ನು ಒಪ್ಪಿದೆ, ಎರಡನೆಯದಕ್ಕೆ ಇವತ್ತಿಗೂ ಒಪ್ಪಿಲ್ಲ.)

ನಾಲ್ಕು ವಾರ ಒಣಗಿದ ಮೇಲೆ ನೋಡಿದರೆ ಮೇಲ್ಮೈಗೆ ಬಿಳಿ ಪುಡಿ. ಹೊಸದಾಗಿ ಕೊಯ್ದ ಮೈಗೆ, ಕ್ಷಾರವಿದ್ದರೆ ಗುಲಾಬಿಯಾಗುವ ಫಿನಾಫ್ಥಲೀನ್ ಒಂದು ಹನಿ ಬಿಟ್ಟೆ. ತಿಳಿ ಗುಲಾಬಿ ಬಂದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಸೋಪೇ ಒಂದಿಷ್ಟು ಕ್ಷಾರ. ಆದರೆ ಬಂದದ್ದು ಹೋಳಿ ಹಬ್ಬದ ಬಣ್ಣ. ಒಳಗೆ ಕಾಸ್ಟಿಕ್ ಸೋಡಾ ಉಳಿದಿದೆ.

28 ಬಿಲ್ಲೆ. ಅಷ್ಟರಲ್ಲಿ 20ಕ್ಕೆ ಗಿರಾಕಿ ಗೊತ್ತಾಗಿ ಅರ್ಧ ಜನ ದುಡ್ಡೂ ಕೊಟ್ಟಾಗಿತ್ತು. ಆಗ ಕ್ಲಾಸಿನಲ್ಲಿ ನಡೆದ ಚರ್ಚೆಯನ್ನು ಯಾವ ಪಾಠಯೋಜನೆಯಲ್ಲೂ ಬರೆಯಲಾಗುವುದಿಲ್ಲ. ಒಬ್ಬ ಹೇಳಿದ, ಪಾತ್ರೆ ಸೋಪು ಅಂತ ಮಾರೋಣ. ಇನ್ನೊಬ್ಬಳು, ಪಾತ್ರೆ ತಿಕ್ಕೋದು ಕೈಯಲ್ಲೇ ಅಲ್ವೇನೋ ಅಂದಳು. ಮೂರನೆಯವನ ಸಲಹೆ ಬಹಳ ಸರಳವಾಗಿತ್ತು: "ಬೇರೆ ಊರಿಗೆ ಮಾರಿಬಿಡೋಣ ಸಾರ್." ಎಲ್ಲರೂ ನಕ್ಕರು. ಆದರೆ ಒಬ್ಬರೂ ಅದು ತಪ್ಪು ಅನ್ನಲಿಲ್ಲ, ಸ್ವಲ್ಪ ಹೊತ್ತು. ಆ ಸ್ವಲ್ಪ ಹೊತ್ತು ನಾನೂ ಬಾಯಿ ಬಿಡಲಿಲ್ಲ. ಕೊನೆಗೆ, ದುಡ್ಡು ವಾಪಸ್ಸು ಕೊಡೋದಾ ಅಥವಾ ಸರಿ ಮಾಡೋದಾ ಅಂತ ಕೇಳಿದವಳು ಆ ದಂಟಿನ ಸೊಪ್ಪಿನ ಹುಡುಗಿ.

ಸರಿ ಮಾಡಬೇಕಾದರೆ ಎಲ್ಲಿ ತಪ್ಪಾಯಿತು ಅಂತ ಗೊತ್ತಾಗಬೇಕಲ್ಲ. ಎರಡು ದಿನ ಸಿಗಲಿಲ್ಲ. ತಕ್ಕಡಿಯ ಮೇಲೆ ಗುಮಾನಿ, ಸೋಡಾದ ಮೇಲೆ ಗುಮಾನಿ, ಕೌಟಿನ ಮೇಲೂ ಗುಮಾನಿ. ಮೂರನೇ ದಿನ, ಅಪ್ಪನದು ದಿನಸಿ ಅಂಗಡಿ ಇರುವ ಹುಡುಗಿ ಕೇಳಿದಳು: "ಸಾರ್, ಗಾಣದವರು ಕೊಟ್ಟಿದ್ದು 2 ಲೀಟರಲ್ವಾ? ಎಣ್ಣೆ ಪ್ಯಾಕೆಟ್ ಮೇಲೆ 1 ಲೀಟರು, 910 ಗ್ರಾಂ ಅಂತ ಇರುತ್ತೆ."

ಲೀಟರು! ಅಳೆದದ್ದು ಲೀಟರಿನಲ್ಲಿ, ಬರೆದುಕೊಂಡದ್ದು ಕೆಜಿಯಲ್ಲಿ. ನನ್ನ ಕಣ್ಣೆದುರೇ ಅಳೆದದ್ದು, ನನಗೂ ಹೊಳೆದಿರಲಿಲ್ಲ. ಅದೇ ಗಾಣದ ಎಣ್ಣೆ 2 ಲೀಟರು ತಂದು ತೂಗಿದೆವು: 1,840 ಗ್ರಾಂ. ಅಂದರೆ 160 ಗ್ರಾಂ ಎಣ್ಣೆ ಕಮ್ಮಿ. 1,840 ಗ್ರಾಮಿಗೆ ಬೇಕಿದ್ದ ಸೋಡಾ ಸುಮಾರು 337, ಹಾಕಿದ್ದು 348. ಕಡಿಮೆ ಮಾಡಿದ್ದ ಶೇಕಡ 5 ನಮ್ಮನ್ನು ಅರ್ಧಕ್ಕಿಂತ ಹೆಚ್ಚು ಪಾಲು ಕಾಪಾಡಿತ್ತು. ಮಿಕ್ಕ 11 ಗ್ರಾಂ ಹೋಳಿ ಆಡಿತ್ತು. ಸೋಪನ್ನೆಲ್ಲ ಕೊಬ್ಬರಿ ತುರಿಯುವ ಮಣೆಯಲ್ಲಿ ತುರಿದು, ಸ್ವಲ್ಪ ನೀರು ಹಾಕಿ ಸ್ಟೀಲ್ ಪಾತ್ರೆಯಲ್ಲಿ ಕರಗಿಸಿ, ಬಾಕಿ ಇದ್ದ 160 ಗ್ರಾಂ ಎಣ್ಣೆ ಸೇರಿಸಿ ತಿರುವಿದರು. ಆ ಮಧ್ಯಾಹ್ನ ಸಮೀಕರಣವನ್ನು ನಾನು ಬರೆಯಲಿಲ್ಲ. ಅವರೇ ಬೋರ್ಡಿನ ಹತ್ತಿರ ಹೋಗಿ ಬರೆದುಕೊಂಡರು, ಜಗಳವಾಡಿದರು, ಅಳಿಸಿದರು, ಬರೆದರು. ಆಕಳಿಸಿದ್ದ ಭಾಗಾಕಾರಕ್ಕೆ ಈಗ 28 ಬಿಲ್ಲೆ ಸೋಪಿನ ತೂಕ ಬಂದಿತ್ತು; ಅದರ ಹಿಂದೆ, ಯಾರದೋ ಅಜ್ಜಿಯ ಒಡೆದ ಅಂಗೈ.

ಪ್ರಯೋಗಾಲಯದಲ್ಲಿ ತಪ್ಪು ಮಾಡಿದರೆ 'ಪ್ರಯೋಗ ದೋಷ' ಅಂತ ಒಂದು ಸಾಲು ಬರೆದು ಮುಂದಕ್ಕೆ ಹೋಗಬಹುದು. ಮಾರುವ ವಸ್ತುವಿನಲ್ಲಿ ಆ ಸಾಲಿಗೆ ಜಾಗ ಇಲ್ಲ.

ಉದ್ಯಮಶೀಲತೆ ಅನ್ನುವ ಪದದ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ತರಬೇತಿಗಳಲ್ಲಿ ಈ ಪದ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದೆ. ಮಕ್ಕಳಿಗೆ ವ್ಯಾಪಾರ ಕಲಿಸಬೇಕು ಅನ್ನುತ್ತಾರೆ. ಯಾರಿಗೆ? ನನಗೆ 9 ರೂಪಾಯಿ ಟೋಪಿ ಹಾಕಿದವಳಿಗೆ? ಇಂಡೋನೇಷ್ಯಾದಲ್ಲಿ ರಸಾಯನಶಾಸ್ತ್ರದ ಮೇಷ್ಟ್ರುಗಳು ಇದಕ್ಕೆ ಕೆಮೋ-ಎಂಟರ್‌ಪ್ರೆನ್ಯೂರ್‌ಶಿಪ್ ಅಂತ ಹೆಸರಿಟ್ಟು, ಸೋಪು, ಹುದುಗು ತಿನಿಸುಗಳ ಸುತ್ತ ಪಾಠ ಕಟ್ಟಿದ್ದಾರೆ. ನಮ್ಮ ದೇಶದಲ್ಲಿ ಇದರ ಮೂಲಪುರುಷ ಯಾರು ಅಂತ ಕೇಳಿದರೆ ನಾನು ಪ್ರಫುಲ್ಲಚಂದ್ರ ರಾಯ್ ಅನ್ನುತ್ತೇನೆ. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು, 1892ರಲ್ಲಿ ಬಾಡಿಗೆ ಮನೆಯಲ್ಲಿ ಔಷಧ ಮಾಡಲು ಶುರುಮಾಡಿ, ಫಾಸ್ಫೇಟಿಗಾಗಿ ದನದ ಮೂಳೆ ತಂದು ಮಾಳಿಗೆ ಮೇಲೆ ಒಣಹಾಕಿ ಅಕ್ಕಪಕ್ಕದವರ ಕೈಲಿ ಬೈಸಿಕೊಂಡರು. 1901ರ ಹೊತ್ತಿಗೆ ಅದೇ ಬೆಂಗಾಲ್ ಕೆಮಿಕಲ್ಸ್ ಅನ್ನುವ ಕಂಪನಿಯಾಯಿತು. ಅವರ ಬಳಿ ಇದ್ದದ್ದು ಮೊದಲು ರಸಾಯನ, ಆಮೇಲೆ ವ್ಯಾಪಾರ. ನಮ್ಮ ಮಕ್ಕಳ ಬಳಿ ವ್ಯಾಪಾರ ಆಗಲೇ ಇದೆ. ಇಲ್ಲದ್ದು ರಸಾಯನ, ಅದನ್ನು ಕೊಡುವುದು ನನ್ನ ಕೆಲಸ. ಮಾರಾಟದ ಉಮೇದಿನಲ್ಲಿ ಅದೇ ಮರೆತುಹೋಗುವ ಅಪಾಯ ಇದ್ದೇ ಇರುತ್ತದೆ: ಎರಡನೇ ಬ್ಯಾಚಿನಲ್ಲಿ ಅತಿ ಬೇಗ ಖರ್ಚಾದದ್ದು ಅರಿಶಿನ ಬೆರೆಸಿದ ಬಿಲ್ಲೆ. ಅರಿಶಿನ ಆ ಕ್ಷಾರದಲ್ಲಿ ಕೆಂಪಾಗಿ, ಕುಂಕುಮದ ಸೋಪು ಅಂತ ಮಾರಾಟವಾಯಿತು. ಯಾಕೆ ಕೆಂಪಾಯಿತು ಅಂತ ಕೇಳಿದ ಮಕ್ಕಳು ಇಬ್ಬರೇ. ಇನ್ನೂ ಮಾಡೋಣ ಅಂದವರು 30 ಜನ.

ಇನ್ನು ಲೆಕ್ಕದ ಪುಸ್ತಕ. ಆ ವರ್ಷದ ದರದಲ್ಲಿ ಕೌಟು ಕೊಬ್ಬರಿ ಕೆಜಿಗೆ 50ರಂತೆ 3.2 ಕೆಜಿ, ಗಾಣದ ಕೂಲಿ 40, ಕಾಸ್ಟಿಕ್ ಸೋಡಾ 35, ಸುತ್ತುವ ಕಾಗದ 20. ಒಟ್ಟು 255. ಒಂದು ಬಿಲ್ಲೆಗೆ 9 ರೂಪಾಯಿ ಚಿಲ್ಲರೆ, ಮಾರುವುದು 15ಕ್ಕೆ. ಬೋರ್ಡಿನ ಮೇಲೆ ಲಾಭ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದಾಗ ಕಾಯಿ ಸುಲಿಯುವವರ ಮಗನೊಬ್ಬ ಎದ್ದು ನಿಂತ. ಅವನ ಅಪ್ಪನಿಗೆ ಸಾವಿರ ಕಾಯಿಗೆ ಇಷ್ಟು ಅಂತ ಕೂಲಿ. "ನಮ್ ಕೂಲಿ ಎಲ್ಲಿ ಸಾರ್?" ಅಂದ. ಆರು ಜನ, ಮೂರು ಮೂರು ಗಂಟೆ. ಗಂಟೆಗೆ ಬರೀ 20 ರೂಪಾಯಿ ಹಿಡಿದರೂ 360. ಲಾಭ ಅಂತ ಬರೆದಿದ್ದು 165. ಎರಡು ಗೆರೆಯನ್ನು ಅಳಿಸಿದೆ. ಶಾಲೆಯ ಉದ್ಯಮಗಳಲ್ಲಿ ಸದಾ ಲಾಭ ಬರುವುದರ ಗುಟ್ಟು ಇದೇ ಇರಬೇಕು: ದುಡಿದವರನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಮನಿಸಿ ನೋಡಿದರೆ ತುರಿದವರು, ತೊಳೆದವರು ಹುಡುಗಿಯರು. ಸಂತೆಯಲ್ಲಿ ಕೂತು ದುಡ್ಡು ಎಣಿಸಿದವರು ಹುಡುಗರು. ಮುಂದಿನ ತಿಂಗಳಿಂದ ಅದನ್ನು ಉಲ್ಟಾ ಮಾಡಿದೆ. ಹುಡುಗರು ತಿರುವಿದ ಸೋಪಿನಲ್ಲಿ ಗಂಟು ಜಾಸ್ತಿ.

ಸ್ನಾನದ ಸೋಪನ್ನು ಸುಮ್ಮಸುಮ್ಮನೆ ಮಾಡಿ ಮಾರುವ ಹಾಗಿಲ್ಲ, ಅದು ಕಾಂತಿವರ್ಧಕಗಳ ಕಾನೂನಿಗೆ ಬರುತ್ತದೆ, ಲೈಸೆನ್ಸ್ ಬೇಕು ಅಂತ ಓದಿಕೊಂಡ ಮೇಲೆ ನಮ್ಮದು ಬಟ್ಟೆ-ಪಾತ್ರೆಯ ಸೋಪಾಯಿತು. ಮಕ್ಕಳಿಗೆ ಬೇಜಾರಾಯಿತು. ಸಮಾಧಾನಕ್ಕೆ, ಮನೆಯ ಸ್ನಾನದ ಸೋಪಿನ ಕವರು ತರಲು ಹೇಳಿ ಟಿಎಫ್‌ಎಂ ಅನ್ನುವ ಸಂಖ್ಯೆ ಹುಡುಕಿಸಿದೆ. ಸೋಪಿನಲ್ಲಿ ಕೊಬ್ಬಿನಾಮ್ಲದ ಪಾಲು ಎಷ್ಟು ಅನ್ನುವ ಲೆಕ್ಕ ಅದು. 76 ಮೀರಿದರೆ ಮೊದಲ ದರ್ಜೆ, 70ಕ್ಕೆ ಎರಡನೆಯದು, 60ಕ್ಕೆ ಮೂರನೆಯದು. ನಮ್ಮದನ್ನು ಅಂದಾಜು ಕಟ್ಟಿದರೆ 67. "ಥರ್ಡ್ ಕ್ಲಾಸ್ ಸಾರ್ ನಾವು" ಅಂತ ಕುಣಿದರು.

ಇದರಿಂದ ಅಂಕ ಜಾಸ್ತಿ ಬಂತೇ ಅಂತ ಕೇಳುವವರಿದ್ದಾರೆ. ಒಂದು ಉತ್ತರಪತ್ರಿಕೆಯ ಕತೆ ಹೇಳುತ್ತೇನೆ. ಗಡಸು ನೀರಿನಲ್ಲಿ ಸಾಬೂನು ಸರಿಯಾಗಿ ನೊರೆ ಕೊಡುವುದಿಲ್ಲ, ಏಕೆ? 2 ಅಂಕ. ನಮ್ಮೂರಿನ ಬೋರ್‌ವೆಲ್ ನೀರಿನ ಮಕ್ಕಳಿಗೆ ಇದು ಪುಸ್ತಕದ ಪ್ರಶ್ನೆಯೇ ಅಲ್ಲ, ಬಕೆಟ್ಟಿನ ಅಂಚಿನ ಬಿಳಿ ಕರೆ. ಒಬ್ಬ ಹುಡುಗ ಕ್ಯಾಲ್ಸಿಯಂ, ಮೆಗ್ನೀಷಿಯಂ ಎಲ್ಲ ಬರೆದು ಕೊನೆಗೆ ಸೇರಿಸಿದ್ದ: 'ಆದರೆ ತೆಂಗಿನೆಣ್ಣೆ ಸೋಪು ಬೇರೆಯದಕ್ಕಿಂತ ಚೆನ್ನಾಗಿ ನೊರೆ ಕೊಡುತ್ತದೆ, ನಾವು ನೋಡಿದ್ದೇವೆ.' ನಿಜ. ಲಾರಿಕ್ ಆಮ್ಲದ ಸೋಪು ಉಪ್ಪುನೀರಿನಲ್ಲೂ ಕರಗುತ್ತದೆ, ಹಡಗಿನವರು ಸಮುದ್ರದ ನೀರಿನಲ್ಲಿ ಮೈ ತೊಳೆಯಲು ಅದನ್ನೇ ಇಟ್ಟುಕೊಳ್ಳುತ್ತಿದ್ದರು. ಮೌಲ್ಯಮಾಪಕರು ಆ ಕೊನೇ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಒಂದೂವರೆ ಅಂಕ ಕೊಟ್ಟಿದ್ದರು.

ಆಮೇಲೆ ಕೊಬ್ಬರಿಯ ಕಾಲ ತಿರುಗಿತು. 2025ರ ಜೂನಿನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಕ್ವಿಂಟಲಿಗೆ 20,000 ದಾಟಿ ಓಡುತ್ತಿತ್ತು. ಅಟ್ಟಗಳು ಖಾಲಿ. ಯಾರೂ ಮೂಸದಿದ್ದ ಕೌಟಿಗೂ ಕೆಜಿಗೆ 150 ಕೊಡುವವರು ಬಂದರು. ಹೊಸ ಬ್ಯಾಚು ಹಳೆಯ ಲೆಕ್ಕದ ಪುಸ್ತಕ ತೆರೆದು ದರ ಬದಲಿಸಿ ಕೂಡಿಸಿತು: ಒಂದು ಬಿಲ್ಲೆಯ ಅಸಲೇ 20 ದಾಟಿತು. 15 ರೂಪಾಯಿ ಸೋಪಿಗೆ. "ಸೋಪ್ ಯಾಕ್ ಸಾರ್ ಮಾಡೋದು, ಕೊಬ್ಬರೀನೇ ಮಾರೋಣ" ಅಂದರು. ಅವರ ಮಾತು ನೂರಕ್ಕೆ ನೂರು ಸರಿ. ಮನೆಗಳಲ್ಲಿ ನಾಲ್ಕು ಕಾಸು ಓಡಾಡುತ್ತಿದ್ದುದಕ್ಕೆ ಖುಷಿಯಿತ್ತು. ಎರಡು ವರ್ಷ ಕಟ್ಟಿದ ಪಾಠ ಕೈಬಿಟ್ಟುಹೋಗುತ್ತಿದೆ ಅಂತ ಒಳಗೊಳಗೇ ಹೊಟ್ಟೆಯುರಿಯೂ ಇತ್ತು. ಯಾರಿಗೂ ಹೇಳಲಿಲ್ಲ.

ಹೊಂಗೆಯ ಮಾತು ತೆಗೆದವರು ಹುಡುಗಿಯರು. ಬೇಲಿಯಲ್ಲಿ, ರಸ್ತೆ ಬದಿಯಲ್ಲಿ, ಶಾಲೆಯ ಹಿಂದೆ, ಎಲ್ಲ ಕಡೆ ಹೊಂಗೆ. ಬೇಸಿಗೆ ರಜೆಯಲ್ಲಿ ಉದುರಿದ ಕಾಯಿಯನ್ನು ಆಯ್ದು ಬೀಜ ಬಿಡಿಸಿ ಇಟ್ಟುಕೊಂಡವರು ಕೆಲವರು ಇದ್ದರು. ಗಾಣಕ್ಕೆ ಕೊಟ್ಟರೆ ಕಂದು ಬಣ್ಣದ, ಘಾಟು ವಾಸನೆಯ ಎಣ್ಣೆ ಬಂತು. ಅದಕ್ಕೆ ಸೋಡಾ ಎಷ್ಟು? ತೆಂಗಿಗಿಂತ ಕಡಿಮೆ ಬೇಕು ಅಂತ ಅವರೇ ಹೇಳಿದರು. ಹೊಂಗೆಯ ಕೊಬ್ಬಿನಾಮ್ಲಗಳ ಸರಪಳಿ ಉದ್ದ, ಅಣು ಭಾರ, ಹಾಗಾಗಿ ಒಂದು ಗ್ರಾಮಿನಲ್ಲಿ ಅಣುಗಳು ಕಡಿಮೆ. ಎಷ್ಟು ಕಡಿಮೆ ಅನ್ನುವುದನ್ನು ನಾನು ಬಾಯಿಬಿಡಲಿಲ್ಲ. ಹಿಂದಿನ ಬ್ಯಾಚಿನ ಸೋಪಿನ ದುಡ್ಡಿನಲ್ಲಿ ಕೊಂಡ, ಬಂಗಾರದಂಗಡಿಯಲ್ಲಿರುವಂಥ ಪುಟ್ಟ ತಕ್ಕಡಿ ಒಂದಿದೆ, 0.1 ಗ್ರಾಂವರೆಗೆ ತೂಗುತ್ತದೆ. ಅದರಲ್ಲಿ ತೂಗಿ ನಾಲ್ಕು ಕಪ್ಪುಗಳಲ್ಲಿ ಕಲಸಿದರು: ಸೋಡಾ 6, 6.5, 7, 7.5. ಯಾವ ಕಪ್ಪಿನಲ್ಲಿ ಗುಲಾಬಿ ಗಾಢವಾಗಲು ಶುರುವಾಗುತ್ತದೋ ನೋಡಬೇಕು.

ಕಪ್ಪುಗಳು ಈಗ ಪ್ರಯೋಗಾಲಯದ ಕಿಟಕಿಯಲ್ಲಿ ಒಣಗುತ್ತಿವೆ. ಇಡೀ ಕೋಣೆ ಹೊಂಗೆ ನಾತ. ಪ್ರತಿಯೊಂದರ ಮೇಲೂ ಸ್ಕೆಚ್ ಪೆನ್ನಿನಲ್ಲಿ ಬರೆದ ಚೀಟಿ: ಎಣ್ಣೆ 50 ಗ್ರಾಂ. ಗ್ರಾಂ ಅನ್ನುವುದರ ಕೆಳಗೆ ಎರಡೆರಡು ಗೆರೆ.